ಮಂಗಳವಾರದ ಡಾಕ್ಟರು

ಊರ ಬಾವಿಯ ದಂಡೆ ಕುಸಿದು ಗೆಳತಿ ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ನನ್ನ ಮಗಳು ಹುಲಗೆಮ್ಮ ಮಾತು ಬಿಟ್ಟಳು. ತಳಕಲ್ಲಿನ ನಮ್ಮ ಸಾಲೆಯ ಕಿಟಕಿಯಿಂದ ಆ ಬಾವಿ ಕಾಣುತ್ತದೆ. ನೀರು ಸೇದುವ ಗಾಲಿ ಗಿರಕ್ಕೆಂದರೆ ಸಾಕು, ಅವಳು ಬೆಂಚಿನ ಕೆಳಗೆ ಹೊಕ್ಕು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಉಳಿದ ಮಕ್ಕಳೂ ಹೆದರುತ್ತಾರೆಂದರು ಹೆಡ್‌ಮಾಸ್ತರು ವಿರೂಪಾಕ್ಷಪ್ಪ. ಏನು ರೋಗ, ಹೇಗೆ ನೋಡಿಕೊಳ್ಳಬೇಕು ಎಂದು ಡಾಕ್ಟರು ಬರೆದುಕೊಡದಿದ್ದರೆ ದಸರೆ ಸೂಟಿ ಮುಗಿದ ಮೇಲೆ ಹೆಸರು ತೆಗೆಯುವುದಾಗಿ ಹೇಳಿಬಿಟ್ಟರು. ಮಾತು ಹೋದ ಮಗುವಿಗೆ ಸಾಲೆಯೂ ಹೋದರೆ ಮನೆಯ ಮೂಲೆಯೇ ಗತಿ. ಅದಕ್ಕೆ ನಾನು ಒಪ್ಪುವವಳಲ್ಲ.

ಯಲಬುರ್ಗಿ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಅವಳ ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಇಲ್ಲಿ ಏನೂ ಆಗಿಲ್ಲ, ಇದು ಮನಸ್ಸಿನದು ಎಂದರು. ತಿಂಗಳಿಗೊಮ್ಮೆ ಮಂಗಳವಾರ ಬಳ್ಳಾರಿಯಿಂದ ಮನಸ್ಸಿನ ಡಾಕ್ಟರೊಬ್ಬರು ಕೊಪ್ಪಳಕ್ಕೆ ಬರುತ್ತಾರೆ, ಅಲ್ಲಿಗೆ ಹೋಗಬೇಕೆಂದರು.

ಮಂಗಳವಾರ ಎಂದ ಕೂಡಲೇ ನನ್ನ ಅತ್ತೆ ಮಾರೆವ್ವ ಹೊಸ್ತಿಲ ಮೇಲೆ ಕೂತುಬಿಟ್ಟರು. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ಜಗಳ ಮಾಡಲಿಲ್ಲ, ರೊಟ್ಟಿ ಬಡಿಯುತ್ತ ವಿಚಾರ ಮಾಡಿದೆ. ದಿನ ಸರಿಯಿಲ್ಲದಾಗ ಗಂಡಸರು ಹಿಂದಿನ ದಿನವೇ ತಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಸ್ಥಾನ ಇಟ್ಟರೆ ಹೊರಟಂತೆಯೇ ಲೆಕ್ಕ. ಗಂಟಿಗೆ ನಡೆಯುವುದು ಮಗುವಿಗೆ ನಡೆಯಬಾರದೇಕೆ? ಸೋಮವಾರ ಸಂಜೆ ಹುಲಗೆಮ್ಮನನ್ನು ಪಕ್ಕದ ಮನೆಯ ರಜಿಯಾಬೇಗಂ ಚಾಚಿಯ ಹತ್ತಿರ ಮಲಗಿಸುತ್ತೇನೆಂದೆ.

"ಅವರ ಮನ್ಯಾಗಿಂದ ಹೊಂಟ್ರ ಮಂಗಳವಾರ ಅಲ್ಲೇನು?" ಎಂದರು ಅತ್ತೆ.

"ಅವರ ಮನ್ಯಾಗ ಮಂಗಳವಾರದ ಲೆಕ್ಕಿಲ್ಲತ್ತಿ. ನಮ್ಮ ಮನ್ಯಾಗಿಂದ ಆಕಿ ಸೋಮವಾರನ ಹೊಂಟಾಳ."

ಅತ್ತೆ ಬಹಳ ಹೊತ್ತು ಎಲೆ ಅಡಿಕೆ ಅಗಿದು, ಹಾಸಿಗೆಯನ್ನಾದರೂ ನಮ್ಮದೇ ಒಯ್ಯಲಿ ಎಂದರು.

ಮುಂಜಾನೆಯ ರೈಲಿಗೆ ಕೊಪ್ಪಳಕ್ಕೆ ಹೋದೆವು. ಡಾಕ್ಟರ ಕೋಣೆಯಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಅವರು ಮಗಳನ್ನು ಏನೂ ಕೇಳಲಿಲ್ಲ. ಒಂದು ಸೀಮೆಸುಣ್ಣದ ಕಡ್ಡಿ ಕೊಟ್ಟು ತಾವೂ ನೆಲದ ಮೇಲೆ ಕೂತರು. ಅವಳು ಗೀಚಿದ್ದನ್ನು ನೋಡುತ್ತ, ಇದು ಹೆದರಿಕೆ, ಹುಚ್ಚಲ್ಲ ಎಂದರು. ಬಾವಿ ಕಾಣದ ಕಡೆ ಕೂಡ್ರಿಸಬೇಕು, ಮಾತಾಡೆಂದು ಗದರಿಸಬಾರದು, ತಿಂಗಳು ತಿಂಗಳು ಕರೆತರಬೇಕು ಎಂದು ಬರೆದುಕೊಟ್ಟು, ಒಮ್ಮೆ ಮಾಸ್ತರೂ ಬಂದರೆ ಒಳ್ಳೆಯದು ಎಂದರು. ಆದರೆ ಮಕ್ಕಳೇ ಬರುವುದಿಲ್ಲವೆಂದು ಅವರು ಕೊಪ್ಪಳಕ್ಕೆ ಬರುವುದನ್ನೇ ನಿಲ್ಲಿಸುವ ಮಾತು ಮೇಲಿನವರಲ್ಲಿ ನಡೆದಿದೆಯಂತೆ. ಮಂಗಳವಾರದ ಸಂಗತಿ ಹೇಳಿದಾಗ ಅವರು ನಕ್ಕರು.

"ಅಂದ್ರ ಇಷ್ಟು ದಿನ ನಾನು ನೊಣಾ ಹೊಡಿಯೋ ದಿನಾನ ಆರಿಸ್ಕೊಂಡು ಬಂದೀನಿ."

ಊರಿಗೆ ಬಂದು ಚೀಟಿ ತೋರಿಸಿದರೆ ಮಾಸ್ತರು ಮೆತ್ತಗೆ ತಲೆ ಅಲ್ಲಾಡಿಸಿದರು. ಕೊಪ್ಪಳ ಬೇರೆ ತಾಲೂಕು, ನಮ್ಮ ತಾಲೂಕಿನ ಸಾಹೇಬರ ಅಪ್ಪಣೆ ಬೇಕಂತೆ. ಯಲಬುರ್ಗಿಯಲ್ಲಿ ಶಿಕ್ಷಣದ ಸಾಹೇಬರು ಇದು ದವಾಖಾನೆಯ ಕೆಲಸ ಎಂದರು. ದವಾಖಾನೆಯವರು ಸಾಲೆಯ ಕೆಲಸ ಎಂದರು. ಎರಡೂ ಕಚೇರಿಗಳ ನಡುವೆ ಒಂದು ಬೇವಿನ ಗಿಡ ಮಾತ್ರ. ಮಗಳ ಕೈ ಹಿಡಿದು ಅದರ ಕೆಳಗೆ ತಿರುಗಾಡಿ ಸಾಕಾಯಿತು. ಬಿ.ಡಿ.ಓ. ಸಾಹೇಬರು ಎಲ್ಲ ಇಲಾಖೆಯವರನ್ನೂ ಕರೆಯುವ ಮೀಟಿಂಗ್ ಯಾವತ್ತೆಂದು ಜವಾನನನ್ನು ಕೇಳಿ ತಿಳಿದುಕೊಂಡೆ. ಆ ದಿನ ರೊಟ್ಟಿ ಕಟ್ಟಿಕೊಂಡು ಹೋಗಿ ಬಾಗಿಲಲ್ಲೇ ಕೂತೆ.

ಮೀಟಿಂಗ್ ಮುಗಿಸಿ ಹೊರಬಂದ ಬಿ.ಡಿ.ಓ. ಏನಮ್ಮಾ ಎಂದರು. ಹಿಂದೆ ಶಿಕ್ಷಣದ ಸಾಹೇಬರು, ದವಾಖಾನೆಯ ಡಾಕ್ಟರು ಇಬ್ಬರೂ ನಿಂತಿದ್ದರು.

"ಸಾಹೇಬ್ರ, ಇವರಿಬ್ಬರೂ ಇವತ್ತು ಒಂದ ಬಾಗಲದಾಗ ಸಿಕ್ಕಾರ್ರಿ. ನನ್ನ ಮಗಳ ಸಂಬಂಧ ಕೂಡಿ ಒಂದು ಮಾತು ಆಡ್ಲಿ. ಅಲ್ಲೀತನಕಾ ನಾ ಏಳಂಗಿಲ್ರಿ."

"ಮಗಳ ಪಾಲಿನ ಮಾತೆಲ್ಲಾ ನೀನ ಆಡ್ತಿ ಬಿಡವ್ವಾ," ಎಂದು ಶಿಕ್ಷಣದ ಸಾಹೇಬರು ಚುಚ್ಚಿದರು.

"ಹೌದ್ರಿ. ಆಕಿ ಆಡೂತನಕಾ ನಾನ ಆಡಬೇಕ್ರಿ."

ಬಿ.ಡಿ.ಓ. ನಗಲಿಲ್ಲ. ಇಬ್ಬರನ್ನೂ ಒಳಗೆ ಕರೆದು ಕೂಡ್ರಿಸಿದರು. ಚಹಾ ಮುಗಿಯುವುದರೊಳಗೆ ಮಾತು ಮುಗಿಯಿತು. ಕೊಪ್ಪಳದ ಚೀಟಿಗೆ ನಮ್ಮ ತಾಲೂಕಿನ ಡಾಕ್ಟರು ರುಜು ಹಾಕಬೇಕು. ಹೆಸರು ತೆಗೆಯಬಾರದು. ಮಾಸ್ತರು ಮಕ್ಕಳ ಜೊತೆ ಕೊಪ್ಪಳಕ್ಕೆ ಹೋದ ದಿನ ಡ್ಯೂಟಿಯೆಂದೇ ಹಿಡಿಯಬೇಕು. ಮನಸ್ಸಿನ ಡಾಕ್ಟರು ಬರುವ ದಿನ ಬದಲಿಸಲು ರಾಯಚೂರಿನ ಜಿಲ್ಲಾ ಕಚೇರಿಗೆ ಬರೆಯುತ್ತೇವೆ, ಅದು ಬೇಗ ಆಗುವುದಿಲ್ಲ ಎಂದರು.

ಅಲ್ಲಿಯವರೆಗೆ ಡಾಕ್ಟರು ಬರುತ್ತಿರಬೇಕಲ್ಲ? ಅದಕ್ಕೆ ಮಕ್ಕಳು ಬೇಕು. ಬಟ್ಟೆ ಒಗೆಯುವಲ್ಲಿ, ಹಿಟ್ಟಿನ ಗಿರಣಿಯಲ್ಲಿ ತಾಯಂದಿರ ಜೊತೆ ಕೂತು ಮಾತಾಡಿದೆ. ಮೂರ್ಛೆ ಬರುವ ಮಗಳನ್ನು ಬಚ್ಚಿಟ್ಟವರಿದ್ದರು, ನಿದ್ದೆಯಲ್ಲಿ ಚೀರುವವಳನ್ನು ಹೊಡೆದು ಹೊಡೆದು ಸೋತವರಿದ್ದರು. ಮುಂದಿನ ತಿಂಗಳು ಡಾಕ್ಟರು ಬರುವ ಹಿಂದಿನ ದಿನ, ಸೋಮವಾರ ಸಂಜೆ, ಚಾಚಿಯ ಪಡಸಾಲೆಯ ತುಂಬ ಹಾಸಿಗೆ. ಓಣಿಯ ಗಾಳೆಮ್ಮನ ಮೂರ್ಛೆ ಬರುವ ಮಗಳನ್ನು ಕೈಹಿಡಿದು ತಂದವರು ನಮ್ಮ ಅತ್ತೆ.

"ನನ್ನ ಮನೀನ ಸ್ಟೇಷನ್ ಮಾಡಿದ್ರಿ. ಟಿಕೀಟ್ ಎಲ್ಲೈತಿ?" ಎಂದು ಚಾಚಿ ಎಲ್ಲರಿಗೂ ಚಹಾ ಕೊಟ್ಟರು.

ಮುಂಜಾನೆ ವಿರೂಪಾಕ್ಷಪ್ಪ ಮಾಸ್ತರು ಇಸ್ತ್ರಿ ಅಂಗಿ ತೊಟ್ಟು ರೈಲಿಗೆ ಬಂದರು. ಕೊಪ್ಪಳದಲ್ಲಿ ಡಾಕ್ಟರು ಬಾಗಿಲಿಗೆ ಬಂದು ಮಕ್ಕಳನ್ನು ನೋಡಿ, ಇನ್ನೊಂದು ಜಮಖಾನೆ ತರಲು ಹೇಳಿಕಳಿಸಿದರು. ಇಷ್ಟು ಮಂದಿ ಇದ್ದರೆ ನಿಲ್ಲಿಸುವ ಮಾತೇ ಇಲ್ಲವೆಂದರು. ಮಾಸ್ತರು ಅವರೆದುರು ಕೂತು, ಹುಲಗೆಮ್ಮನನ್ನು ಗೋಡೆಯ ಕಡೆ ಕೂಡ್ರಿಸಿದ್ದೇನೆ, ಈಗ ಬೆಂಚಿನ ಕೆಳಗೆ ಹೋಗುವುದಿಲ್ಲ, ಓದುವಾಗ ತುಟಿ ಅಲ್ಲಾಡಿಸುತ್ತಾಳೆ ಎಂದು ಒಂದೊಂದಾಗಿ ಹೇಳಿದರು.

ಅವಳು ಇನ್ನೂ ಮಾತಾಡಿಲ್ಲ. ಮುಂದಿನ ತಿಂಗಳ ಸೋಮವಾರಕ್ಕೂ ಹಾಸಿಗೆ ತರುತ್ತೇವೆಂದು ಚಾಚಿಗೆ ಹೇಳಿ ಬಂದಿದ್ದೇನೆ.