ಮಾರೆಕ್ಕನ ಬಲಗಾಲಿನ ಸಣ್ಣ ಕೀಲು

ನಾನು ಒಂದು ಸಣ್ಣ ಕೀಲು. ಮಾರೆಕ್ಕನ ಬಲ ಮೊಣಕಾಲಿನ ಹೊರಮಗ್ಗುಲಿಗೆ, ತುಸು ಕೆಳಗೆ ನನ್ನ ವಾಸ. ಕಣಕಾಲಿನ ದಪ್ಪ ಎಲುಬಿಗೆ ಸಣ್ಣ ಎಲುಬಿನ ತಲೆ ಒರಗಿ ಕೂರುವ ಜಾಗವೇ ನಾನು. ಅವಳು ಹುಟ್ಟಿದಾಗ ಮೆತ್ತಗಿದ್ದೆ. ಅವಳು ಓಡಿ, ಬಿದ್ದು, ಎದ್ದು ಆಡುವ ಹೊತ್ತಿಗೆ ಗಟ್ಟಿಯಾಗತೊಡಗಿದೆ. ಮೊಣಕಾಲಿಗೆ ಎಣ್ಣೆ ತಿಕ್ಕುವವರುಂಟು, ನನ್ನ ಹೆಸರು ಕೇಳಿದವರಿಲ್ಲ. ಬೇಸರವೇನಿಲ್ಲ. ಪಾದ ತಿರುಗಿದಾಗ ಒಂದಿಷ್ಟು ಸರಿದುಕೊಟ್ಟು ಸುಖವಾಗಿಯೇ ಬಾಳಿದೆ.

ಮಾರೆಕ್ಕ ಗಣಿಧೂಳಿನ ಊರೊಂದರಲ್ಲಿ ಕಸ ಎತ್ತುವವಳು. ಕಸದ ಗಾಡಿಯ ಹಿಂದೆ ಜೋತು ನಿಂತು, ಬೀದಿ ಬಂದಾಗ ಓಡುವ ಗಾಡಿಯಿಂದಲೇ ಹಾರಬೇಕು. ನಿಲ್ಲಿಸಿದರೆ ಹೊತ್ತು ಹಾಳು ಎಂಬುದು ಮೇಸ್ತ್ರಿ ಎರ್ರಿಸ್ವಾಮಿಯ ಕಾನೂನು. ಊರಿಗೆ ಹೊಲಸು ಚೆಲ್ಲಲು ಪುರಸೊತ್ತಿದೆ, ಅದನ್ನೆತ್ತುವ ಕಾಲು ನೆಲ ಮುಟ್ಟಲು ಪುರಸೊತ್ತಿಲ್ಲ! ಒಂದು ಬೆಳಗ್ಗೆ ಹಾರಿದಾಗ ಮೊಣಕಾಲು ಮಡಚಿ ಪಾದ ಒಳಕ್ಕೆ ತಿರುಚಿಕೊಂಡಿತು. ನಾನು ಜಾಗ ತಪ್ಪಿದೆ.

ಆಸ್ಪತ್ರೆಯಲ್ಲಿ ಎದುರಿನಿಂದ ಒಂದೇ ಎಕ್ಸ್‌ರೇ ತೆಗೆದರು. ನಾನು ಕೂರುವುದೇ ಓರೆಯಾಗಿ. ದಪ್ಪ ಎಲುಬಿನ ನೆರಳಲ್ಲಿ ಮರೆಯಾದೆ.

"ಮುರಿದಿಲ್ಲಂತಲ್ಲವ್ವ, ನಾಟ್ಕ ಸಾಕು," ಎಂದ ಮೇಸ್ತ್ರಿ. "ನಾಳೆ ಬರದಿದ್ರ ನಿನ್ ಜಾಗಕ್ಕ ಬ್ಯಾರೇ ಆಕಿ ಬರ್ತಾಳ."

"ನಾಟ್ಕಕ್ಕ ನನಗ ಬಣ್ಣ ಹಚ್ಚಿದ್ಯಾರು ಮೇಸ್ತ್ರಿ? ನಿಮ್ಮೂರ ಕಸಾನಾ?"

ಜೊತೆಗಾರ್ತಿ ಹನುಮಕ್ಕನ ಹೆಗಲು ಹಿಡಿದು, ಕುಂಟುತ್ತಾ ಎಲುಬಿನ ಡಾಕ್ಟರ್ ಸುಧಾಮಣಿಯ ಬಳಿ ಹೋದಳು. ಡಾಕ್ಟರು ಬೆರಳೊತ್ತಿ ನನ್ನ ಉಬ್ಬು ಹುಡುಕಿದರು.

"ಕಾಲು ಸ್ವಲ್ಪ ಒಳಗೆ ತಿರುಗಿಸಿ ತೆಗೀರಿ. ಎರಡೂ ಕಾಲು," ಎಂದರು ಎಕ್ಸ್‌ರೇ ತೆಗೆಯುವವನಿಗೆ.

ಹೊಸ ಚಿತ್ರದಲ್ಲಿ ಎಡಗಾಲಿನ ನನ್ನ ಜೋಡಿ ನೆಟ್ಟಗಿತ್ತು. ನಾನು ಹೊರಕ್ಕೆ ಸರಿದಿದ್ದೆ.

"ಜಾರಿದೆ ನೋಡಮ್ಮ."

"ಹಂಗಾರ ನಾಟ್ಕ ಅಲ್ಲಲ್ರೀ?" ಮಾರೆಕ್ಕನ ಕಣ್ಣು ತುಂಬಿತು.

ಡಾಕ್ಟರು ಮೊಣಕಾಲು ಮಡಚಿ ಒತ್ತಿದರು. ಟಕ್! ನಾನು ಮನೆ ಸೇರಿದೆ.

ಮರುದಿನ ಹನುಮಕ್ಕ ಆ ಎಕ್ಸ್‌ರೇಯನ್ನು ಗಾಡಿಯ ಮುಂದೆ ಬಿಸಿಲಿಗೆ ಎತ್ತಿ ಹಿಡಿದಳಂತೆ. "ಮಾರೆಕ್ಕನ ಜಾಗ ಮಾರೆಕ್ಕಂದೇ. ಗಾಡಿ ನಿಂತ್ರ ಇಳಿತೀವಿ. ಇಲ್ಲಾಂದ್ರ ಮೊದ್ಲು ನೀವು ಹಾರಿ ತೋರ್ಸ್ರಿ ಮೇಸ್ತ್ರಿ!" ಹೆಂಗಸರು ಯಾರೂ ಗಾಡಿ ಹತ್ತಲಿಲ್ಲ. ಊರು ನಾರತೊಡಗಿದ ಮೇಲೆ ಮೇಸ್ತ್ರಿ ಒಪ್ಪಿದ.

ಈಗ ನನಗೂ ವಯಸ್ಸಾಗಿದೆ. ಚಳಿಗೆ ಬಿಗಿಯುತ್ತೇನೆ, ಮೆಟ್ಟಿಲು ಕಂಡರೆ ಗೊಣಗುತ್ತೇನೆ. ಇಂದು ಮಾರೆಕ್ಕನ ಕೆಲಸದ ಕೊನೆಯ ಬೆಳಗು. ಬೀದಿ ಬಂತು, ಗಾಡಿ ಪೂರ್ತಿ ನಿಂತಿತು. ಅವಳು ಸೆರಗು ಸಿಕ್ಕಿಸಿಕೊಂಡು, ಅವಸರವಿಲ್ಲದೆ, ಬಲಗಾಲನ್ನೇ ಮೊದಲು ನೆಲಕ್ಕಿಟ್ಟಳು.