ಎದುರಾಳಿಯ ಕೊನೆಯ ಸಾಲು

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ಗಂಗಾಧರಯ್ಯನವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅರ್ಧಕ್ಕೆ ನಿಂತ ಕಾಂಪ್ಲೆಕ್ಸೊಂದಿತ್ತು. ಮೇಲೆ ಕಂಬಿಗಳು ಬೆತ್ತಲೆ ನಿಂತಿದ್ದರೂ ಕೆಳಗಿನ ನೆಲಕ್ಕೆ ನುಣುಪಾದ ಸಿಮೆಂಟು ಬಿದ್ದಿತ್ತು. ಆ ನೆಲ ಮೊಮ್ಮಗ ಲಿಖಿತನ ರಾಜ್ಯ. ತೊಂಬತ್ತೇಳರಲ್ಲಿ ಅವನ ದೊಡ್ಡಪ್ಪನ ಮಗ ಮನೆಯ ಮಹಡಿಯಲ್ಲಿ ಫ್ರಿಜ್ಜಿನ ರಟ್ಟು ಹಾಸಿ, ಅದರ ಮೇಲೆ ತಲೆಯೂರಿ ಬುಗುರಿಯಂತೆ ತಿರುಗಿದ್ದೇ ಈ ಆಟಕ್ಕೆ ಮೊದಲು. ಆಮೇಲೆ ಎರಡು ಸೈಜು ದೊಡ್ಡ ಪ್ಯಾಂಟು ಬಂತು. ಗೋಡೆಗೆ ಬಣ್ಣ ಉಗುಳುವ ಡಬ್ಬಿ ಬಂತು. ಗಂಗಾಧರಯ್ಯನವರು ಎರಡು ಸಲ ಸುಣ್ಣ ಬಳಿಸಿ, ಮೂರನೆಯ ಸಲ ಸೋತು ಸುಮ್ಮನಾದರು. ಎರಡು ಸಾವಿರದ ಆರರ ಹೊತ್ತಿಗೆ ಕಾಲಿನ ಆಟ ನಾಲಗೆಗೆ ಏರಿತ್ತು. ಭಾನುವಾರ ಸಂಜೆ ಹುಡುಗ ಹುಡುಗಿಯರು ದುಂಡಗೆ ನಿಲ್ಲುವರು. ಗುಂಡಣ್ಣನೆಂಬುವನು ಬಾಯಲ್ಲೇ ತಮಟೆ, ಡ್ರಮ್ಮು ಎಲ್ಲ ನುಡಿಸುವನು. ಇಬ್ಬರು ನಡುವೆ ನಿಂತು ಆ ತಾಳಕ್ಕೆ ಮಾತು ಹೊಸೆದು ಒಬ್ಬರನ್ನೊಬ್ಬರು ಹಣಿಯುವರು. ಇದೇ ಅವರ ಹಿಪ್ ಹಾಪ್. ಮಾತೆಲ್ಲ ಇಂಗ್ಲಿಷು, ಅದರಲ್ಲಿ ಹಿಮ ಸುರಿಯುತ್ತಿತ್ತು, ಬಂದೂಕು ಸಿಡಿಯುತ್ತಿತ್ತು, ಯಾರೂ ನೋಡದ ಊರಿನ ಬೀದಿಗಳು ಬರುತ್ತಿದ್ದವು.

ಮಧುಮತಿ ಗದಗಿನ ಕಡೆಯವಳು. ಬಿಟಿಎಂನಲ್ಲಿ ಬಾಡಿಗೆ ಕೋಣೆ, ಕೊರಿಯರ್ ಆಫೀಸಿನಲ್ಲಿ ಕೆಲಸ. ಅವಳ ತಾಯಿ ಶಿವವ್ವ ಗೀಗೀ ಪದದ ಮೇಳದಲ್ಲಿ ಹಾಡುವವಳು. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಪದದಲ್ಲೇ ಉತ್ತರಿಸುವ ಹಾಡಿಕೆ ಅದು. ಹಾಗಾಗಿ ಮೊದಲ ದಿನ ಈ ದುಂಡುಗಟ್ಟಿದ ಗುಂಪನ್ನು ಕಂಡಾಗ ಮಧುಮತಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಮೂರು ತಿಂಗಳು ಹೊರಗೆ ನಿಂತು ಕೇಳಿದಳು. ಒಂದು ಭಾನುವಾರ ಒಳಗೆ ಕಾಲಿಟ್ಟಳು.

ಅಂದು ಎದುರಿಗೆ ನಿಂತವನು ಲಿಖಿತನೇ. ಅವನು ಹಾಸ್ಯಕ್ಕೆಂದು ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಇಳಿದ:

"ಇದು ನನ್ನ ತಾತನ್ ಜಾಗ, ನಿಂದ್ಯಾವೂರು ಹೇಳು!"

ಗುಂಪು ಹೋ ಎಂದಿತು. ಶಿವವ್ವನ ಮೇಳದಲ್ಲಿ ಒಂದು ಪದ್ಧತಿಯಿತ್ತು. ಎದುರಾಳಿಯ ಕೊನೆಯ ಸಾಲನ್ನು ಮೊದಲು ಹಾಗೇ ಎತ್ತಿ ಹಾಡಬೇಕು, ಉತ್ತರ ಆಮೇಲೆ. ಎತ್ತದೆ ಉತ್ತರಿಸಿದವರನ್ನು ಕೇಳದೆ ಓಡಿದವರೆಂದು ಎಣಿಸುತ್ತಿದ್ದರು. ಮಧುಮತಿಯ ಬಾಯಿಗೆ ಬೇರೆ ರೂಢಿ ಗೊತ್ತಿರಲಿಲ್ಲ. "ಇದು ನನ್ನ ತಾತನ್ ಜಾಗ" ಎಂದು ಎತ್ತಿದಳು. ಅಷ್ಟೇ.

"ಕಾಪಿ! ಕಾಪಿ!"

ಎಲ್ಲರೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದರು. ಗುಂಡಣ್ಣನ ತಾಳ ನಿಂತಿತು. ತಾಳ ನಿಂತರೆ ಹೊರಗೆ ಹೋಗಬೇಕು.

"ಇಲ್ಲಿ ಒಬ್ರ ಲೈನ್ ಇನ್ನೊಬ್ರು ಎತ್ತಂಗಿಲ್ಲ. ಅದು ಕಳ್ತನ," ಎಂದ ಲಿಖಿತ.

"ಕಳ್ಳತನ ಅಲ್ಲಪಾ, ಅದು ನಮ್ಮ ಕಡೆ..."

"ನಿಮ್ ಕಡೆ ಇದೆಯಲ್ಲ, ನಿಮ್ ಕಡೇಲೇ ಮಾಡು. ಮುಂದಿನ್ ವಾರ ಜಯನಗರದ ಕಾಲೇಜ್ ಫೆಸ್ಟ್‌ಗೆ ಮೂರು ಹೆಸ್ರು ಆರಿಸ್ತೀನಿ. ಸ್ವಂತ ಲೈನ್ ಇದ್ರೆ ಬಾ. ಸಾಧ್ಯವಾದ್ರೆ ಇಂಗ್ಲಿಷಲ್ಲಿ."

ಜಯನಗರದ ಆ ವೇದಿಕೆಯನ್ನು ಮಧುಮತಿ ಮನಸ್ಸಿನಲ್ಲೇ ಎಷ್ಟೋ ಸಲ ಹತ್ತಿ ಇಳಿದಿದ್ದಳು. ಕೋಣೆಗೆ ಬಂದವಳೇ ತಾಯಿಗೆ ಫೋನು ಮಾಡಿದಳು.

ಎಲ್ಲ ಕೇಳಿದ ಶಿವವ್ವ ನಕ್ಕುಬಿಟ್ಟಳು. "ಅವರ ಅಂಗಳ, ಅವರ ಪದ್ಧತಿ. ಒಂದು ಸಾಲು ಬಿಟ್ಟು ಹಾಡಿದ್ರ ನಿಂದೇನು ಗಂಟು ಹೋಗತೈತಿ?"

"ನಾ ಬಿಡಂಗಿಲ್ಲಬೇ. ಬಿಟ್ರ ನಾ ಕದ್ದಿದ್ದು ಖರೇ ಅಂತಾಗತೈತಿ."

"ಹಟಮಾರಿ. ಹೋಗ್ಲಿ, ಊಟರ ಮಾಡಿಯೇನು?"

ಮುಂದಿನ ಭಾನುವಾರ ಅವಳನ್ನು ಕಂಡು ಲಿಖಿತ ಹುಬ್ಬೇರಿಸಿದ. "ಬಂದ್ಯಾ? ಹೋಮ್‌ವರ್ಕ್ ಆಯ್ತಾ?"

"ಹೋದ ವಾರದ್ದಕ್ಕ ಜವಾಬು ಕೊಡೂದೈತಿ," ಎಂದವಳೇ ನಡುವೆ ಬಂದು ನಿಂತು ಮತ್ತೆ ಅದೇ ಸಾಲು ಎತ್ತಿದಳು: "ಇದು ನನ್ನ ತಾತನ್ ಜಾಗ, ನಿಂದ್ಯಾವೂರು ಹೇಳು!"

ಕೈಗಳು ಕತ್ತರಿಯಾದವು. ತಾಳ ನಿಂತಿತು. ಮಧುಮತಿ ಹೊರಗೆ ಹೋಗಲಿಲ್ಲ. ಅಂಗೈ ತೊಡೆಗೆ ಬಡಿದು ತನ್ನ ತಾಳ ತಾನೇ ಹಾಕಿಕೊಂಡು ಅದೇ ಸಾಲನ್ನು ಮತ್ತೆ ಹೇಳಿದಳು. ಕೂಗು ಜೋರಾಯಿತು. ಮತ್ತೆ ಹೇಳಿದಳು. ಕೂಗುವವರಿಗೂ ಒಂದು ದಣಿವೆಂಬುದು ಇರುತ್ತದೆ. ಐದನೆಯ ಸಲಕ್ಕೆ ಗುಂಡಣ್ಣ ತಲೆ ಕೆರೆದುಕೊಂಡ.

"ಲೋ, ಏನ್ ಹೇಳ್ತಾಳೋ ಕೇಳ್ರೋ ಒಂದ್ಸಲ. ಇವಳಂತೂ ಹೋಗೋ ಥರ ಕಾಣ್ತಿಲ್ಲ."

ಅವನ ಬಾಯಿ ತಾಳ ಹಿಡಿಯಿತು. ಮಧುಮತಿ ಲಿಖಿತನ ಕಣ್ಣಿಗೆ ಕಣ್ಣಿಟ್ಟು ಹರಿಯಬಿಟ್ಟಳು:

"ತಾತ ಇಲ್ಲಿ ರಾಗಿ ಬೆಳೆದ, ನೀ ಬೆಳೆದಿದ್ದೇನ ಹೇಳು!
ಬಾಯಾಗ ನಿನ್ನ ಹಿಮ ಬೀಳತೈತಿ, ಬೆನ್ನಾಗ ಇಳೀತೈತಿ ಬೆವರು,
ಕಾಣದ ಊರ ಕತಿ ಹೇಳಾವಗ ನೆನಪೈತೇನೋ ತನ್ನೂರ ಹೆಸರು?
ಊರ ಕೇಳಿ ಹೆದರಸಾಂವ, ಕೇಳ ಇಲ್ಲೆ ಸನೇಕ ಬಂದು,
ಬಾಡಿಗಿ ಮನಿ ನಂದು ಖರೇ, ಬಾಡಿಗಿ ಮಾತಲ್ಲ ನಂದು!"

ಗುಂಪಿನಲ್ಲಿ ಒಬ್ಬ ತನಗರಿವಿಲ್ಲದೆ ಸಿಳ್ಳೆ ಹಾಕಿ, ಲಿಖಿತನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಲಿಖಿತ ಉತ್ತರಕ್ಕೆ ನಿಂತ. ಬಾಯಿ ತೆರೆದರೆ ಬಂದದ್ದು ಮನೆಯಲ್ಲಿ ಬರೆದು ಉರು ಹೊಡೆದಿದ್ದ ಇಂಗ್ಲಿಷು ಸಾಲುಗಳು. ಎರಡು ಸಾಲಾಗುವಷ್ಟರಲ್ಲಿ ಹಿಂದಿನಿಂದ ಯಾರೋ ಅಂದರು: "ಗುರು, ಇದು ಹೋದ್ ತಿಂಗಳ್ದು!"

ನಗೆ ಎದ್ದಿತು.

"ನಾ ಕಡೀಕ ಏನಂದೆ? ಅದನ್ನರ ಹೇಳು," ಎಂದಳು ಮಧುಮತಿ.

ಲಿಖಿತನಿಗೆ ನೆನಪಿರಲಿಲ್ಲ. ಅವಳು ಹಾಡುವಷ್ಟು ಹೊತ್ತೂ ಅವನು ತನ್ನ ಸಾಲನ್ನೇ ಒಳಗೊಳಗೆ ಒಪ್ಪಿಸಿಕೊಳ್ಳುತ್ತಿದ್ದ. ಕಿವಿಯ ತುದಿ ಕೆಂಪಾಯಿತು. ಆದರೂ ಕೆಟ್ಟ ಹುಡುಗನೇನಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಸರಿ, ಸಖತ್ತಾಗಿತ್ತು. ಒಪ್ಕೊಂಡೆ. ಮೂರನೇ ಹೆಸ್ರು ನಿಂದೇ. ಆದ್ರೆ ಜಯನಗರದಲ್ಲಿ ಎದುರಿನವ್ರ ಸಾಲು ಎತ್ತೋದು ಬೇಡ. ಅಲ್ಲಿ ಜಡ್ಜ್‌ಗಳು ಕಾಪಿ ಅಂದ್ರೆ ನಮ್ ಟೀಮೇ ಔಟು. ಅದೊಂದ್ ಬಿಟ್ಟು ಏನ್ ಬೇಕಾದ್ರೂ ಹಾಡು, ನಿನ್ ಭಾಷೇಲೇ ಹಾಡು."

ಅವನು ಕೊಡುತ್ತಿದ್ದುದು ಸಣ್ಣದಲ್ಲ. ವಾರದ ಹಿಂದೆ ಇದೇ ಹುಡುಗ ಸಾಧ್ಯವಾದರೆ ಇಂಗ್ಲಿಷಲ್ಲಿ ಬಾ ಎಂದಿದ್ದ. ಆ ವೇದಿಕೆ, ಆ ದೊಡ್ಡ ಸ್ಪೀಕರುಗಳು, ಕೆಳಗೆ ನೂರಾರು ಮುಖಗಳು, ಎಲ್ಲ ಮಧುಮತಿಯ ಕಣ್ಣಮುಂದೆ ಹಾದವು. ಅಲ್ಲಿಗೆ ಹೋಗಿ, ಎದುರಿನವನ ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ತಾನೊಬ್ಬಳೇ ಹಾಡಿ ಇಳಿದು ಬರಬೇಕು.

"ಹಂಗಾದ್ರ ನನ್ನ ಹೆಸರು ಹೊಡದ ಹಾಕು."

"ಹುಚ್ಚಾ ನಿಂಗೆ?"

"ಇರಬೇಕು. ಸ್ಟೇಜು ನಿಮಗಿರಲಿ. ಈ ರಿಂಗ್ ಮಾತ್ರ ನಾ ಬಿಡಂಗಿಲ್ಲ. ಕೇಳಿ ಹಾಡಾವರು ಯಾರ ಇದ್ದೀರಿ, ಬರ್ರಿ."

ಗುಂಡಣ್ಣ ಒಮ್ಮೆ ಲಿಖಿತನನ್ನು, ಒಮ್ಮೆ ಇವಳನ್ನು ನೋಡಿದ. ತಾಳವನ್ನು ಮಾತ್ರ ನಿಲ್ಲಿಸಲಿಲ್ಲ.

ಆಗ ಪ್ರಿಯಾಂಕಾ ಮುಂದೆ ಬಂದಳು. ಎರಡು ವರ್ಷದಿಂದ ಆ ಸಿಮೆಂಟಿನ ಮೇಲೆ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ ಹುಡುಗಿ. ಮಾತು ಕಡಿಮೆ, ಆಡಿದರೆ ಎರಡು ಶಬ್ದ ಇಂಗ್ಲಿಷು. ಅವಳು ಹುಟ್ಟಿದ್ದೇ ಜೆಪಿ ನಗರದಲ್ಲೆಂದು ಎಲ್ಲರೂ ತಿಳಿದಿದ್ದರು. ಎರಡೂ ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡಳು.

"ಬಾಡಿಗಿ ಮನಿ ನಂದು ಖರೇ, ಬಾಡಿಗಿ ಮಾತಲ್ಲ ನಂದು!"

ಗದಗಿಗೂ ಆಚೆಯ ಇಂಡಿ, ಸಿಂದಗಿ ಕಡೆಯ ಗಟ್ಟಿ ಎಳೆತವಿತ್ತು ಆ ದನಿಯಲ್ಲಿ. "ಲೇ, ಇವಳೂ ಅಲ್ಲಿಯವಳೇನೋ!" ಎಂದು ಯಾರೋ ಉಸುರಿದರು. ಒಂದೆರಡು ಕೈಗಳು ಅಭ್ಯಾಸದಿಂದ ಅಡ್ಡ ಎದ್ದು, ಅರ್ಧದಲ್ಲೇ ಇಳಿದವು. ಪ್ರಿಯಾಂಕಾ ಯಾರನ್ನೂ ನೋಡಲಿಲ್ಲ.

"ಎರಡ ವರ್ಷ ಬಾಯಿ ಹೊಲಕೊಂಡ ಕುಣದೇನಿ, ಹೊಲಿಗಿ ಬಿಚ್ಚೇನಿ ಇಂದು!"

ಲಿಖಿತ ಹೆಸರು ಬರೆಯುವ ಚೀಟಿ ಹಿಡಿದು ನಿಂತೇ ಇದ್ದ. ಅದನ್ನು ಯಾರೂ ಕೇಳಲಿಲ್ಲ. ಮಧುಮತಿ ಉತ್ತರವನ್ನಿನ್ನೂ ಯೋಚಿಸಿರಲಿಲ್ಲ. ಪ್ರಿಯಾಂಕಾಳ ಒಂದು ಶಬ್ದವೂ ತಪ್ಪದ ಹಾಗೆ ಕಿವಿಗೊಟ್ಟಳು. ಆ ಸಾಲು ಮುಗಿಯುತ್ತಲೇ ಅದನ್ನು ಎತ್ತಿಕೊಂಡಳು.