ಹೈನಾನ್ ಭಾಷೆಯ ಭತ್ಯೆ

ಮಲಯದ ಪಿನಾಂಗಿನ ದೊಡ್ಡ ಕೋರ್ಟಿನಲ್ಲಿ ದುಭಾಷಿಗೆ ಒಂದೊಂದು ಹೆಚ್ಚಿನ ಭಾಷೆಗೂ ತಿಂಗಳಿಗೆ ಐದು ಡಾಲರ್ ಭತ್ಯೆ. ಆಸೆಗೆ ಬಿದ್ದ ಬೂನ್ ಹಿಯಾನ್ ತನ್ನ ಅರ್ಜಿಯಲ್ಲಿ, ಬಾರದಿದ್ದರೂ, ಚೀನಾದ ಹೈನಾನ್ ದ್ವೀಪದವರ ಭಾಷೆಯನ್ನೂ ಸೇರಿಸಿಬಿಟ್ಟ. ಪರೀಕ್ಷೆ ಮಾಡಿದ ದೊರೆಗೆ ಆ ಭಾಷೆಯ ಗಂಧಗಾಳಿಯೂ ಇರಲಿಲ್ಲ. ಇವನು ಗಟ್ಟಿಯಾಗಿ ಏನೋ ಒದರಿದ, ಅವನು ರುಜು ಹಾಕಿದ. ಸರ್ಕಾರ ನಡೆಯುವುದೇ ಹೀಗೆ.

ನಾಲ್ಕು ವರ್ಷ ಯಾವ ತೊಂದರೆಯೂ ಬರಲಿಲ್ಲ. ಐದನೆಯ ವರ್ಷ ಫೂ ತಿಯೊಂಗ್ ಎಂಬ ಹೈನಾನಿನ ಅಡುಗೆಯವನನ್ನು ಕೊಲೆಯ ಆಪಾದನೆಯ ಮೇಲೆ ಕಟಕಟೆಗೆ ತಂದರು. ಅವನು ಕೈಮುಗಿದು ಬಹಳ ಹೊತ್ತು ಮಾತಾಡಿದ. ಬೂನ್ ಹಿಯಾನನಿಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಪದ. ಭಾಷೆ ಬಾರದು ಎಂದರೆ ಕೆಲಸ ಹೋಗುತ್ತಿತ್ತು.

"ತನಗೇನೂ ಗೊತ್ತಿಲ್ಲ ಅಂತಾನೆ, ಸ್ವಾಮಿ," ಎಂದುಬಿಟ್ಟ. ತಿಯೊಂಗನನ್ನು ಗಲ್ಲಿಗೇರಿಸಿದರು.

ಕೇಳಿದ್ದನ್ನು ಕೇಳಿದ ಹಾಗೇ ನೆನಪಿಟ್ಟುಕೊಳ್ಳುವುದು ದುಭಾಷಿಯ ಕಸುಬು. ಸತ್ತವನ ಮಾತು ಬೂನ್ ಹಿಯಾನನನ್ನು ಬಿಡಲಿಲ್ಲ. ಅನ್ನದ ಮುಂದೆ ಕೂತರೂ ಕೇಳುತ್ತಿತ್ತು, ಸಂತೆಯ ಗದ್ದಲದಲ್ಲೂ ಕೇಳುತ್ತಿತ್ತು, ಅವನು ತಡವರಿಸಿದ ಕಡೆಯೆಲ್ಲ ತಡವರಿಸಿಕೊಂಡು. ಇವನಿಗೆ ಜೀವಭಯ ಹಿಡಿಯಿತು. ಅರ್ಥ ತಿಳಿದರೆ ಪೀಡೆ ತೊಲಗೀತು ಎಂದು, ಕಾಫಿ ಅಂಗಡಿಯ ಹೈನಾನ್ ಮುದುಕನ ಬಳಿ ಭಾಷೆ ಕಲಿಯಲು ಹೋದ.

"ಐದು ವರ್ಷ ಸಂಬಳ ತಿಂದ್ಮೇಲೆ ಈಗ ಅಕ್ಷರಾಭ್ಯಾಸವಾ, ಬುದ್ಧೀ?" ಎಂದು ಮುದುಕ ನಕ್ಕ.

ಕಲಿತಂತೆಲ್ಲ ಆ ಮಾತು ಒಂದೊಂದೇ ಸಾಲು ತಿಳಿಯಾಗುತ್ತ ಬಂತು. ಕೊಲೆ ನಡೆದ ಸಂಜೆ ನಾನು ಹಡಗುಕಟ್ಟೆಯಲ್ಲಿದ್ದೆ. ಮೀನು ಮಾರುವವಳನ್ನು ಕೇಳಿ ನೋಡಿ. ಬೂನ್ ಹಿಯಾನ್ ಹೋಗಿ ಕೇಳಿದ.

"ಹೂಂ, ಇಲ್ಲೇ ಇದ್ದ," ಎಂದಳು ಅವಳು. "ಯಾರೂ ಬಂದು ಕೇಳ್ಲೇ ಇಲ್ವಲ್ಲ."

ಅರ್ಥವಾಗದೆ ಇನ್ನೂ ಒಂದು ಸಾಲು ಉಳಿದಿತ್ತು. ಅದನ್ನು ತಿಯೊಂಗ್ ಇವನ ಮುಖವನ್ನೇ ನೋಡುತ್ತ ಮೂರು ಸಲ ಹೇಳಿದ್ದ.

ಮರುದಿನ ಕೋರ್ಟಿನಲ್ಲಿ ಇನ್ನೊಬ್ಬ ಹೈನಾನಿನವನ ಮೊಕದ್ದಮೆ. ಅವನು ಕಟಕಟೆ ಹತ್ತಿ ಕೈಮುಗಿಯುತ್ತಿದ್ದಂತೆ ಆ ಸಾಲು ಮತ್ತೆ ಕೇಳಿತು. ಈ ಸಲ ಪೂರ್ತಿ ಅರ್ಥವಾಯಿತು. ಬೂನ್ ಹಿಯಾನ್ ಎದ್ದು ನಿಂತು ಜಡ್ಜಿಗೆ ಅದನ್ನು ಹೇಳಿದ.

"ಈ ದುಭಾಷಿಗೆ ನನ್ನ ಮಾತು ಬರಲ್ಲ, ಸ್ವಾಮಿ. ಬೇರೆ ಯಾರನ್ನಾದ್ರೂ ಕರೆಸಿ."

ಜಡ್ಜಿ ಕಾಗದದಿಂದ ತಲೆ ಎತ್ತಿದ. "ಆ ಮನುಷ್ಯ ಇನ್ನೂ ಬಾಯೇ ಬಿಟ್ಟಿಲ್ಲ. ಯಾರಯ್ಯ ಹೇಳಿದ್ದು ಇದನ್ನ?"

"ಫೂ ತಿಯೊಂಗ್, ಸ್ವಾಮಿ," ಎಂದ ಬೂನ್ ಹಿಯಾನ್. "ಹೋದ ವರ್ಷ ಹೇಳಿದ್ದ. ನಾನು ಈಗ ಹೇಳ್ತಿದ್ದೀನಿ."